ಲಂಡನ್ನಿನ ಗಡಿಯಾರ, ಮಾದಾಪುರದ ನಿದ್ದೆ: ಬಣ್ಣ ಬದಲಿಸುವ ಮಕ್ಕಳ ಗಡಿಯಾರದ ವಿಮರ್ಶೆ

ಚಂದ್ರನ ಮುಖದ ಪ್ಲಾಸ್ಟಿಕ್ ಗಡಿಯಾರ, ಅಂಗೈಗಿಂತ ಸ್ವಲ್ಪ ದೊಡ್ಡದು. ರಾತ್ರಿಯಿಡೀ ಕೆಂಪಾಗಿ ಉರಿದು, ನಾವು ನಿಗದಿ ಮಾಡಿದ ಹೊತ್ತಿಗೆ ಹಸಿರಾಗುತ್ತದೆ. ಕೆಂಪಿದ್ದರೆ ಹಾಸಿಗೆ ಬಿಡಬಾರದು, ಹಸಿರಾದರೆ ಎದ್ದು ಬರಬಹುದು. ಅಂಕಿ ಓದಲು ಬಾರದ ಮಗುವಿಗೆ ಹೊತ್ತು ತಿಳಿಸುವ ಉಪಾಯ ಇಷ್ಟೇ. ಆನ್‌ಲೈನಿನಲ್ಲಿ ಎರಡು ಸಾವಿರ ರೂಪಾಯಿಗೆ ಕೊಂಚ ಕಡಿಮೆಗೆ ಸಿಕ್ಕಿತು. ಮೊಲದ ಮುಖ, ಕರಡಿಯ ಮುಖ ಅಂಟಿಸಿಕೊಂಡು ಹತ್ತಾರು ಹೆಸರಿನಲ್ಲಿ ಇಂಥವೇ ಮಾರಾಟಕ್ಕಿವೆ. ಮುಖ ಬೇರೆಯಾದರೂ ಒಳಗಿನ ಯಂತ್ರ ಒಂದೇ ಇರಬೇಕೆಂಬುದು ನನ್ನ ಗುಮಾನಿ, ಹಾಗಾಗಿ ಕಂಪನಿಯ ಹೆಸರು ಹೇಳುತ್ತಿಲ್ಲ. ಒಂದು ಅಕ್ಟೋಬರನ್ನೂ ಒಂದು ಮಾರ್ಚನ್ನೂ ಇದರ ಜೊತೆ ದಾಟಿದ ಮೇಲೆ ಬರೆಯುತ್ತಿದ್ದೇನೆ.

ಅಕ್ಟೋಬರ್ ಮತ್ತು ಮಾರ್ಚ್ ಏಕೆಂದರೆ, ಇದು ಹುಟ್ಟಿಕೊಂಡದ್ದು ವರ್ಷಕ್ಕೆರಡು ಸಲ ಗಡಿಯಾರದ ಕಿವಿ ಹಿಂಡುವ ದೇಶಗಳ ಮಾರುಕಟ್ಟೆಯಲ್ಲಿ. ಬ್ರಿಟನ್ನಿನವರು ಮಾರ್ಚ್ ತಿಂಗಳ ಕೊನೆಯ ಭಾನುವಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಅಕ್ಟೋಬರಿನ ಕೊನೆಯ ಭಾನುವಾರ ಹಿಂದಕ್ಕೆ. ಅಮೆರಿಕದವರಿಗೆ ಮಾರ್ಚ್ ಎರಡನೆಯ ಭಾನುವಾರ ಮತ್ತು ನವೆಂಬರ್ ಮೊದಲನೆಯ ಭಾನುವಾರ. ನಮಗೆ ಈ ರಗಳೆ ಇಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಿಂದ 1945ರವರೆಗೆ, ಭಾರತದ ಗಡಿಯಾರಗಳೂ ಒಂದು ಗಂಟೆ ಮುಂದೆ ಓಡಿದ್ದವು. ಈಗ ಅವನ್ನು ಯಾರೂ ಮುಟ್ಟುವುದಿಲ್ಲ. ಅಸ್ಸಾಮಿನ ಚಹಾ ತೋಟಗಳಲ್ಲಿ ಮಾತ್ರ ‘ಬಾಗಾನ್ ಸಮಯ’ವೆಂದು ಒಂದು ಗಂಟೆ ಮುಂದಿಟ್ಟುಕೊಳ್ಳುವ ರೂಢಿಯಿದೆ. ಕೊಡಗಿನ ಕಾಫಿ ತೋಟಕ್ಕೆ ಅಂಥ ಗತ್ತೇನೂ ಇಲ್ಲ, ಕೆಲಸದವರ ಜೀಪು ಬಂದು ನಿಂತರೆ ದಿನ ಶುರು.

ಹಾಗಿದ್ದರೂ ಮಾದಾಪುರದ ಹತ್ತಿರದ ನಮ್ಮ ಮನೆಗೆ ಈ ಗಡಿಯಾರ ಏಕೆ ಬಂತು? ನನ್ನ ಕೆಲಸದಿಂದಾಗಿ. ಮನೆಯಲ್ಲೇ ಕುಳಿತು ಲಂಡನ್ನಿನ ಸಂಸ್ಥೆಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅವರಿಗೂ ನಮಗೂ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆಯ ಅಂತರ, ಚಳಿಗಾಲದಲ್ಲಿ ಐದೂವರೆ. ಅವರ ಬೆಳಗಿನ ಎಂಟು ನನಗೆ ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆಯಾದರೆ ಚಳಿಗಾಲದಲ್ಲಿ ಒಂದೂವರೆ. ರಾತ್ರಿಯೂಟಕ್ಕೆಂದು ನನಗೆ ಸಿಗುವ ಬಿಡುವು ಏಳೂವರೆಗೆ ಇದ್ದದ್ದು ಒಂದೇ ವಾರಾಂತ್ಯದಲ್ಲಿ ಎಂಟೂವರೆಗೆ ಜಾರುತ್ತದೆ. ಮೂರೂವರೆ ವರ್ಷದ ಮಗನನ್ನು ಮಲಗಿಸುವುದು ಆ ಬಿಡುವಿನಲ್ಲೇ. ಅವನ ಅಪ್ಪ ಮಲಗಿಸಬಾರದೇ ಎಂದು ಕೇಳುವವರಿಗೆ ಉತ್ತರ: ಖಂಡಿತ ಮಲಗಿಸುತ್ತಾರೆ. ಹತ್ತು ನಿಮಿಷ ಬಿಟ್ಟು ಇಣುಕಿದರೆ ಅಪ್ಪ ಗೊರಕೆ ಹೊಡೆಯುತ್ತಿರುತ್ತಾರೆ, ಮಗ ಅವರ ಹೊಟ್ಟೆಯ ಮೇಲೆ ಟ್ರ್ಯಾಕ್ಟರ್ ಓಡಿಸುತ್ತಿರುತ್ತಾನೆ.

ಆದ್ದರಿಂದ ಲಂಡನ್ನಿನ ಮಗು ಅಕ್ಟೋಬರಿನಲ್ಲಿ ಮಾಡಬೇಕಾದ ಕಸರತ್ತನ್ನೇ ನಮ್ಮ ಮಗನೂ ಮಾಡಬೇಕು. ಅಲ್ಲಿ ಗೋಡೆಯ ಗಡಿಯಾರ ಹಿಂದೆ ಸರಿಯುವುದರಿಂದ ಮಗುವಿನ ಮೈ ಎಂಟು ಎಂದುಕೊಳ್ಳುವ ಹೊತ್ತಿಗೆ ಮುಳ್ಳು ಏಳನ್ನು ತೋರಿಸುತ್ತದೆ. ಇಲ್ಲಿ ಗೋಡೆಯ ಗಡಿಯಾರ ಇದ್ದಲ್ಲೇ ಇದೆ, ಅಮ್ಮನೇ ಹಿಂದೆ ಬೀಳುತ್ತಾಳೆ. ಎರಡು ಕಡೆಯೂ ಮಗು ಒಂದು ಗಂಟೆ ತಡವಾಗಿ ಮಲಗಬೇಕು. ವ್ಯತ್ಯಾಸವಿರುವುದು ಬೆಳಿಗ್ಗೆ. ಲಂಡನ್ನಿನ ನರ್ಸರಿ ಶಾಲೆಯೂ ಮಗುವಿನ ಜೊತೆಗೇ ಒಂದು ಗಂಟೆ ಸರಿಯುತ್ತದೆ, ನಮ್ಮ ಶಾಲೆಯ ವ್ಯಾನು ಸರಿಯುವುದಿಲ್ಲ. ಎಂಟೂಮುಕ್ಕಾಲಿಗೆ ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತದೆ. ರಾತ್ರಿ ಒಂದು ಗಂಟೆ ಕಳೆದುಕೊಂಡ ಮಗು ಬೆಳಿಗ್ಗೆ ಮಾಮೂಲಿನಂತೆ ಆರೂಮುಕ್ಕಾಲಿಗೇ ಎದ್ದರೆ ಆ ಒಂದು ಗಂಟೆ ಎಲ್ಲಿಂದ ತುಂಬಬೇಕು? ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ ಹತ್ತರಿಂದ ಹದಿಮೂರು ಗಂಟೆ ನಿದ್ದೆ ಬೇಕೆಂದು ತಜ್ಞರು ಹೇಳುತ್ತಾರೆ. ನಮ್ಮವನಿಗೆ ಹನ್ನೊಂದಕ್ಕಿಂತ ಕಡಿಮೆಯಾದರೆ ಸಂಜೆ ಐದಕ್ಕೆ ನೂಪುಟ್ಟಿನ ತಟ್ಟೆ ನೆಲಕ್ಕೆ ಬೀಳುತ್ತದೆ. ತಜ್ಞರನ್ನು ಕೇಳುವ ಅಗತ್ಯವೇ ಬರುವುದಿಲ್ಲ.

ಗಡಿಯಾರದ ಕೆಲಸ ಇಲ್ಲಿಂದ ಶುರು. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಹಸಿರಾಗುವ ಹೊತ್ತನ್ನು ಐದೈದು ನಿಮಿಷ ಸರಿಸಬಹುದಾದದ್ದು. ಚಿಕ್ಕ ಸಂಗತಿ ಅನ್ನಿಸಬಹುದು, ಆದರೆ ಇಡೀ ಗಡಿಯಾರದ ಬೆಲೆ ನಿಂತಿರುವುದೇ ಇದರ ಮೇಲೆ. ಮಗುವಿನ ನಿದ್ದೆಯನ್ನು ಒಂದೇ ರಾತ್ರಿ ಒಂದು ಗಂಟೆ ಎತ್ತಿಡಲು ಹೋಗಬಾರದು. ಭಾನುವಾರಕ್ಕೆ ಒಂದು ವಾರ ಇರುವಾಗಲೇ ಶುರು ಮಾಡಿ, ಎರಡು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಮಲಗುವ ಹೊತ್ತನ್ನು ಸರಿಸಬೇಕು. ಜೊತೆಗೆ ಸಂಜೆಯ ಸ್ನಾನ, ಊಟ, ಹಗಲಿನ ನಿದ್ದೆ ಎಲ್ಲವೂ ಸರಿಯಬೇಕು. ಹೊಟ್ಟೆ ಏಳಕ್ಕೆ ಹಸಿದು ನಿದ್ದೆ ಮಾತ್ರ ಒಂಬತ್ತಕ್ಕೆ ಬಾ ಎಂದರೆ ಬರುವುದಿಲ್ಲ. ಬೆಳಗಿನ ಹಸಿರನ್ನೂ ಹಾಗೆಯೇ ನಿಧಾನಕ್ಕೆ ಆರೂಮುಕ್ಕಾಲಿನಿಂದ ಏಳೂಕಾಲಿಗೆ ತಂದೆ. ಉಳಿದರ್ಧ ಗಂಟೆಯನ್ನು ಶಾಲೆಯಿಂದ ಬಂದ ಮೇಲಿನ ನಿದ್ದೆಗೆ ಸೇರಿಸಿದೆ. ಅರ್ಧ ಗಂಟೆಗೊಮ್ಮೆ ಮಾತ್ರ ಸರಿಯುವ ಗಡಿಯಾರಗಳೂ ಇವೆಯಂತೆ, ಅಂಥದ್ದನ್ನು ತೆಗೆದುಕೊಳ್ಳಬೇಡಿ.

ಇನ್ನೊಂದು ಮಾತು. ಮೊದಲ ದಿನ ಹಸಿರನ್ನು ಮಗು ಈಗಾಗಲೇ ಏಳುತ್ತಿರುವ ಹೊತ್ತಿಗೇ ಇಡಬೇಕು. ಎದ್ದ ತಕ್ಷಣ ಹಸಿರು ಕಂಡು ‘ಗೆದ್ದೆ’ ಅನ್ನಿಸಿದರೆ ಮಾತ್ರ ಮರುದಿನ ಐದು ನಿಮಿಷ ಕಾಯುವ ಮನಸ್ಸು ಬರುತ್ತದೆ. ಮೊದಲ ದಿನವೇ ಒಂದು ಗಂಟೆ ಕೆಂಪು ದೀಪ ನೋಡುತ್ತಾ ಬಿದ್ದಿರಬೇಕಾದರೆ ಅದು ಶಿಕ್ಷೆ. ನಮ್ಮವನು ಮೂರನೆಯ ಬೆಳಿಗ್ಗೆಯೇ ಬಾಗಿಲ ಬಳಿ ನಿಂತು, “ಅಮ್ಮ, ಚಂದ್ರ ಇನ್ನೂ ಕೆಂಪು, ನಾನು ಇನ್ನೂ ಎದ್ದಿಲ್ಲ” ಎಂದು ಘೋಷಿಸಿದ. ನಿಯಮ ಅರ್ಥವಾಗಿದೆ ಎಂದು ಖುಷಿಪಡಬೇಕೋ, ಅದನ್ನು ಹೇಳಲು ಎದ್ದು ಬಂದದ್ದಕ್ಕೆ ತಲೆ ಚಚ್ಚಿಕೊಳ್ಳಬೇಕೋ! ಎರಡೂವರೆ ವರ್ಷದ ಒಳಗಿನ ಮಕ್ಕಳಿಗೆ ಬಣ್ಣದ ಈ ಒಪ್ಪಂದ ತಲೆಗೆ ಹತ್ತುವುದು ಕಷ್ಟ. ಅವರಿಗಾಗಿ ಕೊಂಡರೆ ನಿಮ್ಮ ದುಡ್ಡಿಗೆ ಒಂದು ಕೆಂಪು ರಾತ್ರಿದೀಪ ಬಂತು, ಅಷ್ಟೇ.

ದೀಪ ಎಂದಾಗ ನೆನಪಾಯಿತು. ಕೆಂಪನ್ನು ಆರಿಸಿದ್ದಾರಲ್ಲ, ಅದು ಸರಿಯಾದ ಆಯ್ಕೆ. ಕತ್ತಲಾದಂತೆ ಮೆದುಳು ಮೆಲಟೋನಿನ್ ಎಂಬ ಹಾರ್ಮೋನು ಬಿಡುಗಡೆ ಮಾಡಿ ಮೈಯನ್ನು ನಿದ್ದೆಗೆ ಅಣಿಗೊಳಿಸುತ್ತದೆ, ಬೆಳಕು ಅದನ್ನು ತಡೆಯುತ್ತದೆ. ಅದರಲ್ಲೂ ನೀಲಿ ಬೆಳಕಿನ ತೊಂದರೆ ಹೆಚ್ಚು, ಕೆಂಪಿನದು ಕಡಿಮೆ. ದೊಡ್ಡವರಿಗಿಂತ ಪುಟ್ಟ ಮಕ್ಕಳ ಕಣ್ಣಿಗೆ ಬೆಳಕಿನ ಪ್ರಭಾವ ಜಾಸ್ತಿ. ಇಷ್ಟೆಲ್ಲ ತಿಳಿದು ಚಂದ್ರನ ಮುಖಕ್ಕೆ ಕೆಂಪು ಬಳಿದ ಮಹಾಶಯರು ಅದರ ಹೊಟ್ಟೆಯ ಮೇಲೆ ಗಂಟೆ ತೋರಿಸುವ ಅಂಕಿಗಳನ್ನು ಮಾತ್ರ ಕಣ್ಣು ಕುಕ್ಕುವ ನೀಲಿಯಲ್ಲಿಟ್ಟಿದ್ದಾರೆ! ಅದನ್ನು ಆರಿಸುವ ಗುಂಡಿ ಇಲ್ಲ. ತೀರಾ ಕಡಿಮೆ ಮಾಡಿದರೂ ಹಾಸಿಗೆಯಿಂದ ಸೀಲಿಂಗಿನ ಜೇಡವನ್ನು ಗುರುತಿಸಬಹುದು. ಮನೆಯವರು ಪಂಪ್‌ಸೆಟ್ಟಿನ ತಂತಿಗೆ ಸುತ್ತುವ ಕಪ್ಪು ಟೇಪನ್ನು ಎರಡು ಪದರ ಅಂಟಿಸಿದ ಮೇಲೆ ಕೋಣೆ ಕೋಣೆಯಂತಾಯಿತು.

ಬೆಳಗಿನ ಬೆಳಕನ್ನು ತಡೆಯುವ ಕೆಲಸ ಗಡಿಯಾರದಿಂದ ಆಗುವಂಥದ್ದಲ್ಲ. ಅಕ್ಟೋಬರ್ ಕೊನೆಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಆರೂಕಾಲು ದಾಟಿದ ಮೇಲೆ. ಜನವರಿಯಲ್ಲಿ ಅದು ಆರೂಮುಕ್ಕಾಲನ್ನೂ ಮೀರುತ್ತದೆ. ಭಾರತೀಯ ಸಮಯದ ಲೆಕ್ಕವಿರುವುದು ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ ಮೇಲೆ. ನಾವು ಅಲ್ಲಿಂದ ಸುಮಾರು ಏಳು ಡಿಗ್ರಿ ಪಶ್ಚಿಮದಲ್ಲಿದ್ದೇವೆ, ಅಂದರೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸರಾಸರಿ ಅರ್ಧ ಗಂಟೆಯಷ್ಟು ಸೋಮಾರಿ. ಏಳೂಕಾಲಿನವರೆಗೆ ಮಗುವನ್ನು ಮಲಗಿಸಬೇಕಾದವರಿಗೆ ಇದೊಂದು ಅನುಕೂಲ. ಬ್ರಿಟನ್ನಿನ ಪೋಷಕರಿಗೆ ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತಕ್ಕೂ ಬಿಸಿಲಿರುತ್ತದೆ, ನಮಗೆ ವರ್ಷದ ಯಾವ ತಿಂಗಳಲ್ಲೂ ಏಳೂಕಾಲರ ಹೊತ್ತಿಗೆ ಹೆಚ್ಚುಕಡಿಮೆ ಕತ್ತಲೆ. ಹಾಗಾಗಿ ನಮ್ಮ ಜಗಳವೇನಿದ್ದರೂ ಬೆಳಗಿನ ಒಂದು ಗಂಟೆಯ ಬೆಳಕಿನ ಜೊತೆ ಮಾತ್ರ.

ಅದಕ್ಕಾಗಿ ಮಡಿಕೇರಿಯಲ್ಲಿ ಬೆಳಕು ತಡೆಯುವ ದಪ್ಪ ಬಟ್ಟೆ ಕೊಂಡು ಪರದೆ ಹೊಲಿಸಿದೆ. ಸತ್ಯ ಹೇಳಬೇಕೆಂದರೆ ಗಡಿಯಾರಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಈ ಪರದೆಯೇ. ಹಿಂಬದಿಗೆ ರಬ್ಬರ್ ಬಳಿದ ಬಟ್ಟೆ ಅಗ್ಗ, ಆದರೆ ಕೊಡಗಿನ ಮಳೆಗಾಲದಲ್ಲಿ ಆ ರಬ್ಬರಿನ ಮೇಲೆ ಬೂಷ್ಟು ಕೂತು ಕೋಣೆಯೆಲ್ಲ ಹಳೆಯ ಕೊಡೆಯ ವಾಸನೆ ಹೊಡೆಯುತ್ತದೆ. ಸ್ವಲ್ಪ ಹೆಚ್ಚು ಕೊಟ್ಟು ಬಿಗಿಯಾಗಿ ನೇಯ್ದ ಬಟ್ಟೆಯನ್ನೇ ಕೊಳ್ಳಿ. ಪರದೆ ಕಿಟಕಿಯ ಚೌಕಟ್ಟಿಗಿಂತ ಎರಡೂ ಕಡೆ ಒಂದೊಂದು ಗೇಣು ಅಗಲವಾಗಿರಲಿ, ಅಂಚಿನಿಂದ ನುಗ್ಗುವ ಒಂದು ಗೀರು ಬೆಳಕು ಸಾಕು ಇವರನ್ನು ಎಬ್ಬಿಸಲು. ನಮ್ಮದು ಹಳೆಯ ಹೆಂಚಿನ ಮನೆ. ಪರದೆ ಕಟ್ಟಿದ ಮರುದಿನವೂ ಮಗ ಸರಿಯಾಗಿ ಆರೂವರೆಗೆ ಎದ್ದು ಕುಳಿತ. ತಲೆಯೆತ್ತಿ ನೋಡಿದರೆ ಮಾಡಿನಲ್ಲಿ ಗಾಜಿನ ಹೆಂಚು! ಅತ್ತೆ ಮದುವೆಯಾಗಿ ಬಂದ ಕಾಲದಿಂದ ಅಲ್ಲಿದ್ದದ್ದು, ಬೆಳಗಿನ ಬೆಳಕನ್ನು ನೇರ ದಿಂಬಿನ ಮೇಲೆ ಸುರಿಯುತ್ತಿತ್ತು. ಕಾಫಿ ಒಣಗಿಸುವ ಟಾರ್ಪಾಲಿನ ಒಂದು ತುಂಡು ಕತ್ತರಿಸಿ ಅದರ ಮೇಲೆ ಹೊದಿಸಿದ ಮೇಲೆ ಏಳರವರೆಗೆ ಸದ್ದಿಲ್ಲ.

ಅತ್ತೆಗೆ ಇದೆಲ್ಲ ಹುಚ್ಚಾಟ. “ಕೋಳಿಗೆ ಯಾರು ಗಡಿಯಾರ ಕೊಡಿಸಿದರು?” ಎಂದು ಕೇಳಿದರು. ಕೋಳಿ ಲಂಡನ್ನಿಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ ಎಂದೆ. ಆಗ ಸುಮ್ಮನಾದರು, ಆದರೆ ಈ ವಿಮರ್ಶೆ ಬರೆಯುವುದಿದ್ದರೆ ತಮ್ಮ ಅಭಿಪ್ರಾಯವನ್ನೂ ಸೇರಿಸಬೇಕೆಂದರು. ಸೇರಿಸಿದ್ದೇನೆ.

ಈಗ ದೊಡ್ಡ ದೂರಿಗೆ ಬರುತ್ತೇನೆ. ಈ ಗಡಿಯಾರದೊಳಗೆ ಬ್ಯಾಟರಿ ಇಲ್ಲ. ಯುಎಸ್‌ಬಿ ತಂತಿಯೊಂದನ್ನು ಕೊಟ್ಟಿದ್ದಾರೆ, ಪ್ಲಗ್ಗು ನಾವೇ ಹೊಂದಿಸಿಕೊಳ್ಳಬೇಕು. ಕರೆಂಟ್ ಹೋಗಿ ಬಂದರೆ ಸಮಯ ಮರೆತು ಹನ್ನೆರಡರಿಂದ ಮತ್ತೆ ಎಣಿಸಲು ಶುರು ಮಾಡುತ್ತದೆ. ಕರೆಂಟ್ ಹೋಗದ ಊರಿನವರು ಇದನ್ನು ಓದಿ ಮುಂದೆ ಹೋಗಬಹುದು. ಅಕ್ಟೋಬರ್ ಕೊನೆಯ ಗುಡುಗು ಮಳೆ, ಮರದ ಕೊಂಬೆ ತಂತಿಯ ಮೇಲೆ, ಊರಿಗೆ ಊರೇ ಕತ್ತಲೆ: ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ರಾತ್ರಿ ಎಂಟರ ಸುಮಾರಿಗೆ ಹೋದ ಕರೆಂಟ್ ಒಂಬತ್ತರ ಹೊತ್ತಿಗೆ ಬಂತು. ಆಗ ಚಂದ್ರನ ಪಾಲಿಗೆ ನಡುರಾತ್ರಿ ಹನ್ನೆರಡು. ಅಲ್ಲಿಂದ ಲೆಕ್ಕ ಹಾಕಿಕೊಂಡು ಅದು ಬೆಳಗಿನ ಜಾವ ನಾಲ್ಕರ ಆಸುಪಾಸಿನಲ್ಲಿ ಹಸಿರಾಯಿತು. ಮಗನದು ಏನೂ ತಪ್ಪಿಲ್ಲ. ಹಸಿರು ಕಂಡಿತು, ಎದ್ದ, ಚಡ್ಡಿ ಹಾಕಿಕೊಂಡ, ಅಜ್ಜಿಯ ಕೋಣೆಗೆ ಹೋಗಿ ರೊಟ್ಟಿ ಕೇಳಿದ. ಮಾರಿದವರಿಗೆ ದೂರು ಬರೆದೆ. “ನಿಮ್ಮ ಅಮೂಲ್ಯ ಅನಿಸಿಕೆಗೆ ಧನ್ಯವಾದಗಳು” ಎಂದು ಉತ್ತರ ಬಂತು. ಈಗ ಇನ್ವರ್ಟರಿಗೆ ಸೇರಿದ ಪ್ಲಗ್ಗಿಗೆ ಸಿಕ್ಕಿಸಿದ್ದೇವೆ. ಇನ್ವರ್ಟರ್ ಇಲ್ಲದ ಮನೆಯವರು, ಕೊಳ್ಳುವ ಮುನ್ನ ಒಳಗೇ ಚಾರ್ಜ್ ಆಗುವ ಬ್ಯಾಟರಿ ಇದೆಯೇ ಎಂದು ವಿವರ ಓದಿ ನೋಡಿ. ಬರೀ ಗುಂಡಿ ಬ್ಯಾಟರಿಯಿದ್ದರೆ ಸಮಯ ನೆನಪಿರಬಹುದು, ದೀಪ ಉರಿಯಲಿಕ್ಕಿಲ್ಲ. ಹಾಗಿದ್ದರೆ ಅದರ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದೂ ನೋಡಿಕೊಳ್ಳಿ, ಗುಂಡಿ ಬ್ಯಾಟರಿ ನುಂಗಿದರೆ ಮಕ್ಕಳ ಪ್ರಾಣಕ್ಕೇ ಅಪಾಯ.

ನಿದ್ದೆ ಬರಿಸುವ ಸದ್ದುಗಳೆಂದು ಆರು ಬಗೆ ಇಟ್ಟಿದ್ದಾರೆ. ಅವುಗಳಲ್ಲಿ ಮೂರು ಮಳೆಯ ಸದ್ದು. ಕೊಡಗಿನಲ್ಲಿ ಕುಳಿತವರಿಗೆ ದುಡ್ಡು ಕೊಟ್ಟು ಮಳೆ ಕೇಳುವ ಯೋಗ! ಬಟ್ಟೆ ಒಣಗುವ ಸದ್ದು ಇದ್ದಿದ್ದರೆ ಕೊಳ್ಳುತ್ತಿದ್ದೆ.

ಮಾರ್ಚ್ ತಿಂಗಳು ಬೇರೆಯದೇ ಕಥೆ, ಅಲ್ಲಿ ಗಡಿಯಾರ ಅಷ್ಟಾಗಿ ಕೈಹಿಡಿಯಲಿಲ್ಲ. ಈಗ ಮಗ ಒಂದು ಗಂಟೆ ಮೊದಲೇ ಮಲಗಬೇಕು. ಮನುಷ್ಯನ ಮೈಯೊಳಗಿನ ಗಡಿಯಾರ ಇಪ್ಪತ್ತನಾಲ್ಕು ಗಂಟೆಗಿಂತ ತುಸು ಉದ್ದ, ಹಾಗಾಗಿ ತಡ ಮಾಡುವುದು ಅದಕ್ಕೆ ಸಲೀಸು, ಬೇಗ ಮಾಡುವುದು ಕಷ್ಟ. ಎದ್ದಿರುವ ಮಗುವನ್ನು ಇನ್ನರ್ಧ ಗಂಟೆ ಆಡಿಸಬಹುದು. ನಿದ್ದೆ ಬಾರದ ಮಗುವಿಗೆ ಕೆಂಪು ದೀಪ ತೋರಿಸಿ ಮಲಗು ಎಂದರೆ ಅದು ಕೆಂಪು ದೀಪವನ್ನೇ ನೋಡುತ್ತಾ ಮಲಗಿರುತ್ತದೆ. ಸಾಲದ್ದಕ್ಕೆ ಅದು ರೊಬಸ್ಟಾ ಕಾಫಿಯ ಹೂವಿನ ಕಾಲ. ಹೂ ಅರಳಿಸುವ ಮಳೆ ಕೈಕೊಟ್ಟರೆ ರಾತ್ರಿಯೂ ಕೆರೆಯ ಬಳಿ ಪಂಪು ಓಡುತ್ತದೆ, ಅಪ್ಪ ಟಾರ್ಚು ಹಿಡಿದು ಸ್ಪ್ರಿಂಕ್ಲರ್ ಬದಲಿಸಲು ಹೋಗುವಾಗ ಮಗನಿಗೂ ಹೋಗಬೇಕು. ತೋಟದ ತುಂಬ ಬಿಳಿ ಹೂವು, ಮೂಗಿಗೆ ಅಡರುವ ಪರಿಮಳ, ಗುಡುಗುಡು ಸದ್ದಿನ ಯಂತ್ರ. ಇದರೆದುರು ಪ್ಲಾಸ್ಟಿಕ್ ಚಂದ್ರ ಯಾವ ಲೆಕ್ಕ?

ಮಾರ್ಚಿನಲ್ಲಿ ಕೆಲಸಕ್ಕೆ ಬಂದದ್ದು ಬೆಳಗಿನ ಬಿಸಿಲು. ಎದ್ದ ಕೂಡಲೇ ಕಣ್ಣಿಗೆ ಬೀಳುವ ಹಗಲಿನ ಬೆಳಕು ಮೈಯ ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ, ಸಂಜೆಯ ಬೆಳಕು ಹಿಂದಕ್ಕೆ ಎಳೆಯುತ್ತದೆ. ಅದಕ್ಕೇ ಮಾರ್ಚ್ ಮೂರನೆಯ ವಾರದಿಂದ ಪರದೆ ಸರಿಸಿ, ಹೆಂಚಿನ ಮೇಲಿನ ಟಾರ್ಪಾಲೂ ತೆಗೆದು, ಆರೂಮುಕ್ಕಾಲರೊಳಗೆ ಅವನನ್ನು ಅಜ್ಜಿಯ ಜೊತೆ ಕಣಕ್ಕೆ ಕಳಿಸಿದೆ. ಒಣಗಲು ಹರಡಿದ ಕಾಫಿಯ ಮೇಲೆ ಕೋಳಿ ಕೂರದಂತೆ ಓಡಿಸುವುದು ಅವನ ಉದ್ಯೋಗ. ಸಂಜೆ ಆರೂವರೆಯ ಮೇಲೆ ಮೊಬೈಲ್ ಮತ್ತು ಟಿವಿ ಬಂದ್, ಹಾಲಿನಲ್ಲಿ ಒಂದೇ ಹಳದಿ ಬಲ್ಬು. ಹಗಲಿನ ನಿದ್ದೆಯನ್ನು ಎರಡೂವರೆಗೆ ಮುಗಿಸಿದೆ. ಇಷ್ಟೆಲ್ಲ ಮಾಡಿದರೂ ಅಕ್ಟೋಬರಿನಲ್ಲಿ ಒಂದು ವಾರ ಹಿಡಿದದ್ದು ಮಾರ್ಚಿನಲ್ಲಿ ಎರಡು ವಾರ ಹಿಡಿಯಿತು. ನಡುವೆ ಒಬ್ಬರು ಮೆಲಟೋನಿನ್ ಹನಿ ಹಾಕಿ ಎಂದು ಸಲಹೆ ಕೊಟ್ಟರು. ಮಕ್ಕಳ ವೈದ್ಯರನ್ನು ಕೇಳದೆ ಅಂಥದ್ದನ್ನು ಕೊಡುವ ಮಾತೇ ಇಲ್ಲ, ಒಂದು ಗಂಟೆಯ ವ್ಯತ್ಯಾಸಕ್ಕಂತೂ ಅದು ಬೇಕಾಗಿಯೂ ಇಲ್ಲ.

ಗಡಿಯಾರದ ಬೆನ್ನ ಮೇಲೆ ‘ಬೇಸಿಗೆ ಸಮಯ’ದ ಗುಂಡಿಯೊಂದಿದೆ. ಒತ್ತಿದರೆ ಒಂದು ಗಂಟೆ ಮುಂದೆ ಹಾರುತ್ತದೆ. ಭಾರತದಲ್ಲಿ ಮಾರುವ ಮಾಲಿನಲ್ಲಿ ಅದನ್ನು ಏಕೆ ಬಿಟ್ಟರೋ. ಮಗನ ಬೆರಳಿಗೆ ಮಾತ್ರ ಅದು ಬೇಗ ಸಿಕ್ಕಿತು. ಒತ್ತಿದರೆ ಹಸಿರು ಬೇಗ ಬರುತ್ತದೆ ಎಂಬುದು ಅವನಿಗೆ ಗೊತ್ತಾದ ದಿನ ಆ ಗುಂಡಿಗೂ ಕಪ್ಪು ಟೇಪು ಬಿತ್ತು. ಮಕ್ಕಳು ಗುಂಡಿ ಒತ್ತದಂತೆ ತಡೆಯುವ ಬೀಗದ ಸೌಲಭ್ಯವೂ ಇದೆ, ಎರಡು ಗುಂಡಿ ಒಟ್ಟಿಗೆ ಒತ್ತಿದರೆ ತೆರೆದುಕೊಳ್ಳುತ್ತದೆ. ಅವನಿಗೆ ಎರಡು ಕೈಗಳಿವೆ ಎಂಬುದನ್ನು ತಯಾರಕರು ಊಹಿಸಿರಲಿಲ್ಲ.

ಯಾರು ಕೊಳ್ಳಬಹುದು? ಮಗುವಿಗೆ ಮೂರು ತುಂಬಿದ್ದು, ಸಮಸ್ಯೆ ಇರುವುದು ಬೆಳಿಗ್ಗೆ ಬೇಗ ಏಳುವುದರಲ್ಲಾದರೆ ಕೊಳ್ಳಿ. ನನ್ನ ಹಾಗೆ ಲಂಡನ್ ಅಥವಾ ನ್ಯೂಯಾರ್ಕಿನ ಪಾಳಿಯಲ್ಲಿ ದುಡಿಯುವ ಪೋಷಕರು ಈಗ ಕೊಡಗಿನಲ್ಲೂ ಕಡಿಮೆಯಿಲ್ಲ, ಅವರಿಗೆ ಅಕ್ಟೋಬರ್-ನವೆಂಬರಿನಲ್ಲಿ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮಗು ರಾತ್ರಿ ಮಲಗುವುದೇ ಇಲ್ಲ ಎನ್ನುವವರು ಇದರಿಂದ ಪವಾಡ ನಿರೀಕ್ಷಿಸಬೇಡಿ, ಆ ದುಡ್ಡನ್ನು ಪರದೆಗೆ ಹಾಕಿ. ವಿದೇಶದಿಂದ ರಜೆಗೆ ಬರುವ ಮೊಮ್ಮಕ್ಕಳಿಗೆಂದು ತರಿಸುವ ಯೋಚನೆ ನಮ್ಮ ಪಕ್ಕದ ತೋಟದ ಮನೆಯವರಿಗಿತ್ತು, ಬೇಡವೆಂದೆ. ಹತ್ತು ಗಂಟೆಯ ಅಂತರ ದಾಟಿ ಬಂದ ಮಗುವಿನ ಮುಂದೆ ಐದು ನಿಮಿಷದ ಲೆಕ್ಕ ನಡೆಯುವುದಿಲ್ಲ.

ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ. ಬ್ಯಾಟರಿ ಇಟ್ಟಿದ್ದರೆ ನಾಲ್ಕು ಕೊಡುತ್ತಿದ್ದೆ. ಅತ್ತೆಯದು ಸೊನ್ನೆ.